ನೆಲಮಾಳಿಗೆಯ ಬೆಳಗು

ಬೆಳಗ್ಗೆ ಆರಕ್ಕೆ ನೆಲಮಾಳಿಗೆಯಲ್ಲಿ ಟೈಮರ್ 'ಟಿಕ್' ಅನ್ನುತ್ತದೆ. ನಾಲ್ಕಡಿ ಉದ್ದದ ಎರಡು ದೀಪಗಳು ಒಟ್ಟಿಗೇ ಹೊತ್ತಿಕೊಳ್ಳುತ್ತವೆ. ಅವುಗಳಡಿ ಬ್ಯಾಡಗಿ ಮೆಣಸಿನ ಸಸಿಗಳು. ನಮ್ಮ ಹಾವೇರಿ ಕಡೆಯ ಮಾತಿನಲ್ಲಿ ಅಗಿ. ಮಾರ್ಚ್ ಕೊನೆಯಾದರೂ ಮಿನಿಯಾಪೊಲಿಸ್‌ನ ನಮ್ಮ ಹಿತ್ತಲಲ್ಲಿ ಹಿಮ ಪೂರ್ತಿ ಕರಗಿಲ್ಲ. ಕಾಫಿ ಲೋಟ ಹಿಡಿದುಕೊಂಡು ನಾನು ಮೊದಲು ಇಳಿಯುವುದು ಈ ದೀಪಗಳ ಹತ್ತಿರಕ್ಕೆ.

ಇಲ್ಲಿ ಮೇ ನಡುವಿನ ತನಕ ರಾತ್ರಿಯ ಚಳಿಗೆ ಎಲೆ ಸುಟ್ಟುಹೋಗುವ ಭಯ. ಅಕ್ಟೋಬರಿಗೆ ಮತ್ತೆ ಅದೇ. ಬೀಜ ಬಿದ್ದು ಕಾಯಿ ಕೆಂಪಾಗಲು ಮೆಣಸು ಐದು ತಿಂಗಳಾದರೂ ಕೇಳುತ್ತದೆ. ಹಾಗಾಗಿ ಮನೆಯೊಳಗೇ ಅಗಿ ಮಾಡಿಕೊಳ್ಳಬೇಕು. ಬೀಜ ಗೆಳತಿಯ ಹಿತ್ತಲಿನದು.

ಮೊದಲ ವರ್ಷ ಅಡುಗೆಮನೆಯ ದಕ್ಷಿಣದ ಕಿಟಕಿಯನ್ನು ನಂಬಿದ್ದೆ. ಎಲ್ಲವೂ ಗಾಜಿನ ಕಡೆ ವಾಲಿದವು. ತಟ್ಟೆ ತಿರುಗಿಸಿಟ್ಟೆ, ಮರುದಿನ ಈ ಕಡೆಯಿಂದ ಆ ಕಡೆಗೆ ಬಾಗಿದ್ದವು. ದಂಟು ಶಾವಿಗೆಯಷ್ಟೇ ತೆಳ್ಳಗೆ, ಉದ್ದಕ್ಕೆ. ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ ಹುಲ್ಲಿನ ಮೊಳಕೆಯ ತುದಿಗೆ ಸಣ್ಣ ಟೊಪ್ಪಿಗೆ ಹಾಕಿ ನೋಡಿದ್ದರು. ತುದಿ ಮುಚ್ಚಿದರೆ ಮೊಳಕೆ ಬಾಗಲಿಲ್ಲ. ಬೆಳಕನ್ನು ಕಾಣುವುದು ತುದಿ, ಬಾಗುವುದು ಅದರ ಕೆಳಗಿನ ಭಾಗ ಎಂದು 1880ರಲ್ಲಿ ಬರೆದರು. ನನ್ನ ಕಿಟಕಿಯ ಅಗಿಗಳು ದಿನವಿಡೀ ಅದನ್ನೇ ಮಾಡುತ್ತಿದ್ದವು: ಹಸಿವಿನಿಂದ ಬೆಳಕು ಹುಡುಕುತ್ತಿದ್ದವು.

ದೀಪ ಕೊಳ್ಳಲು ಹೊರಟಾಗ ಮೊದಲು ತಂದದ್ದು ನೇರಳೆ ಬೆಳಕಿನದು. ಡಬ್ಬಿಯ ಮೇಲೆ ಸಾವಿರ ವ್ಯಾಟ್ ಎಂದಿತ್ತು, ಮೀಟರಿಗೆ ಹಚ್ಚಿದರೆ ನೂರು ಚಿಲ್ಲರೆ. ಅದಕ್ಕಿಂತ ನನ್ನನ್ನು ಕಾಡಿದ್ದು ಬೇರೆ. ಆ ಬೆಳಕಲ್ಲಿ ಎಲೆಗಳೆಲ್ಲ ಕಪ್ಪಾಗಿ ಕಾಣುತ್ತಿದ್ದವು. ಯಾವುದು ಹಳದಿಗೆ ತಿರುಗಿದೆ, ಎಲ್ಲಿ ಹುಳ ಕೂತಿದೆ, ತಿಳಿಯುತ್ತಲೇ ಇರಲಿಲ್ಲ. ಬೆಳೆಸುವವಳಿಗೆ ಗಿಡ ಕಾಣಬೇಕು. ಅಂದಿನಿಂದ ನನ್ನ ಮನೆಯಲ್ಲಿ ಬಿಳಿ ಬೆಳಕೇ. ಬಿಳಿ ಎಲ್‌ಇಡಿ ಅಂದರೆ ಒಳಗೊಂದು ನೀಲಿ ಹರಳು, ಮೇಲೆ ಹಳದಿ ಲೇಪ. ಆ ನೀಲಿಯನ್ನು ಸಾಧಿಸಿದ್ದಕ್ಕೆ ಅಕಾಸಾಕಿ, ಅಮಾನೊ, ನಾಕಾಮುರಾ ಮೂವರಿಗೆ 2014ರಲ್ಲಿ ನೊಬೆಲ್ ಬಂತು. ಸಸಿಯನ್ನು ಗಿಡ್ಡಗೆ, ಗಟ್ಟಿಯಾಗಿ ಇಡುವುದೂ ಈ ನೀಲಿಯೇ. ಅದಕ್ಕೇ ಮಲಗುವ ಕೋಣೆಯ ಬೆಚ್ಚನೆ ಹಳದಿ ದೀಪ ಬೇಡ, 5000 ಕೆಲ್ವಿನ್ ಎಂದು ಬರೆದಿರುವುದನ್ನು ತನ್ನಿ. ಗ್ಯಾರೇಜಿಗೆ ಹಾಕುವ ಸಾಧಾರಣ ಪಟ್ಟಿ ದೀಪವೇ ಸಾಕು. ನಲವತ್ತು ವ್ಯಾಟಿನ ನನ್ನ ಎರಡೂ ದೀಪ ಹದಿನಾರು ತಾಸು ಉರಿದರೆ ಒಂದೂಕಾಲು ಯೂನಿಟ್ ಆಗುತ್ತದೆ. ಉಳಿದ ಎಂಟು ತಾಸು ಕತ್ತಲೆ.

ಡಬ್ಬಿಯ ಮೇಲಿನ ಲ್ಯೂಮೆನ್ ನಮ್ಮ ಕಣ್ಣಿನ ಲೆಕ್ಕ. ಗಿಡದ ಲೆಕ್ಕವೇ ಬೇರೆ: 400ರಿಂದ 700 ನ್ಯಾನೊಮೀಟರ್ ನಡುವೆ ಎಲೆಯ ಮೇಲೆ ಎಷ್ಟು ಬೆಳಕಿನ ಕಣ ಬಿದ್ದವು ಎಂಬುದು. ಇದನ್ನು ತಿಳಿದ ದಿನ ನನಗೆ ಬೆಳಕು ಅನ್ನದಂತೆ ಕಂಡಿತು. ಕೋಣೆ ಜಗಮಗಿಸಿದರೂ ತಟ್ಟೆಗೆ ಬೀಳದಿದ್ದರೆ ಮಗು ಉಪವಾಸ. ದೀಪವನ್ನು ಎತ್ತರಕ್ಕೆ ಕಟ್ಟಿ ಅಗಿ ಸೊರಗಿತೆಂದು ಹೊಸ ದೀಪ ಕೊಂಡವರನ್ನು ನೋಡಿದ್ದೇನೆ. ನನ್ನವು ಸರಪಳಿಯಲ್ಲಿ ತೂಗುತ್ತವೆ, ಎಲೆಯಿಂದ ನಾಲ್ಕೈದು ಅಂಗುಲ ಮೇಲೆ. ಸಸಿ ಬೆಳೆದಂತೆ ಒಂದೊಂದೇ ಕೊಂಡಿ ಏರಿಸುತ್ತೇನೆ. ವಾರದಲ್ಲಿ ನನಗೆ ಬಹಳ ಇಷ್ಟದ ಕೆಲಸ ಇದು. ಎಲೆಯ ಅಂಚು ಮುದುಡಿ ಬಿಳಿಚಿದರೆ ದೀಪ ತೀರಾ ಹತ್ತಿರವಾಯಿತು, ಗಿಣ್ಣಿನಿಂದ ಗಿಣ್ಣಿಗೆ ಅಂತರ ಹೆಚ್ಚಿದರೆ ದೂರವಾಯಿತು.

ಹೋದ ಭಾನುವಾರ ಫೋನಿನಲ್ಲಿ ಅವ್ವನಿಗೆ ತೋರಿಸಿದೆ. ಊರಲ್ಲಿ ವರ್ಷವರ್ಷ ಮಡಿ ಮಾಡಿ ಸಸಿ ಎಬ್ಬಿಸಿದ ಕೈ ಅವಳದು. ನಾನು ಅಗಲವಾದ ಎಲೆಗಳತ್ತ ಕ್ಯಾಮೆರಾ ಹಿಡಿದಿದ್ದೆ.

"ಎಲಿ ನೋಡಬ್ಯಾಡವಾ, ದಂಟು ತೋರ್ಸು," ಅಂದಳು.

ಕೆಳಗೆ ಹಿಡಿದೆ. ದಂಟು ಗಿಡ್ಡ, ಮೇಲೆ ಸಣ್ಣ ರೋಮ, ಗಿಣ್ಣಿನಲ್ಲಿ ತೆಳು ನೇರಳೆ ಛಾಯೆ. ಒಂದು ಕ್ಷಣ ಸುಮ್ಮನಿದ್ದು, "ಗಟ್ಟಿ ಅದಾವ. ಗಾಳಿ ತೋರ್ಸೀಯೇನು?" ಎಂದು ಕೇಳಿದಳು. ಸಣ್ಣ ಫ್ಯಾನ್ ತಿರುಗುತ್ತಿತ್ತು, ಅದನ್ನೂ ತೋರಿಸಿದೆ.

ಮೇ ಕೊನೆಯಲ್ಲಿ ಇವುಗಳನ್ನು ಹೊರಗೆ ಒಯ್ಯಬೇಕು. ಬೆಳಕಿನ ಕಣಗಳ ಆ ಲೆಕ್ಕದಲ್ಲಿ ನನ್ನ ದೀಪ ಕೊಡುವುದು ಇನ್ನೂರು ಮೈಕ್ರೊಮೋಲ್ ಇದ್ದೀತು, ನಡುಮಧ್ಯಾಹ್ನದ ಬಿಸಿಲು ಎರಡು ಸಾವಿರದ ಹತ್ತಿರ. ಒಮ್ಮೆಲೇ ಇಟ್ಟರೆ ಎಲೆ ಬೆಂದುಹೋಗುತ್ತದೆ. ಮೊದಲ ದಿನ ಗೋಡೆಯ ನೆರಳಲ್ಲಿ ಒಂದೇ ತಾಸು, ಮರುದಿನ ಎರಡು. ಅಷ್ಟು ಹೊತ್ತೂ ಹಿತ್ತಲ ಮೆಟ್ಟಿಲ ಮೇಲೆ ಅವುಗಳ ಪಕ್ಕದಲ್ಲಿ ಕೂತಿರುತ್ತೇನೆ.