ನೂರಕ್ಕೆ ನೂರು

ನಮ್ಮ ನವನಗರದಲ್ಲಿ ವಿಳಾಸ ಕೇಳಿದರೆ ಮೊದಲು ಸೆಕ್ಟರ್ ನಂಬರ್ ಬರುತ್ತದೆ. ಆಲಮಟ್ಟಿಯ ಹಿನ್ನೀರಿಗಾಗಿ ಹಳೆಯ ಬಾಗಲಕೋಟೆಯ ಜನ ಮನೆ ಬಿಟ್ಟಾಗ, ಅವರಿಗಾಗಿ ಈ ಊರು ಮೊದಲು ಎದ್ದದ್ದು ಹಾಳೆಯ ಮೇಲೆ. ಅಂಥ ನಕ್ಷೆಗಳನ್ನು ಮುದ್ರಿಸುವುದೇ ನನ್ನ ಉದ್ಯೋಗ.

ಆಗ ಅಮೋನಿಯಾ ಪ್ರಿಂಟಿನ ಕಾಲ. ಲೇಪವಿದ್ದ ಕಾಗದದ ಮೇಲೆ ಟ್ರೇಸಿಂಗ್ ಹಾಳೆಯಿಟ್ಟು, ಬೆಳಕಿಗೊಡ್ಡಿ, ಅಮೋನಿಯಾ ಆವಿ ತಾಗಿಸಿದರೆ ನೀಲಿ ಗೆರೆ ಮೂಡುತ್ತಿತ್ತು. ಈಗ ಪ್ಲಾಟರ್. 594 × 841 ಮಿ.ಮೀ.ನ ಎ1 ಹಾಳೆಗೆ 24 ಇಂಚಿನ ರೋಲ್ ಸಾಕು, ಎ0 ಬೇಕಾದರೆ 36 ಇಂಚಿನದು. ಹೆಡ್ ಅಡ್ಡಡ್ಡ ಓಡಾಡಿ ಶಾಯಿ ಚಿಮ್ಮಿಸುತ್ತದೆ, ಕಾಗದ ಇಷ್ಟಿಷ್ಟೇ ಮುಂದೆ ಸರಿಯುತ್ತದೆ. ಆ ಸರಿಯುವುದರಲ್ಲಿ ಪ್ರತಿಸಲ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಉದ್ದನೆಯ ಗೆರೆಯ ತುದಿಗೆ ಹೋಗುವಷ್ಟರಲ್ಲಿ ಲೆಕ್ಕ ತಪ್ಪಿರುತ್ತದೆ. ಅದಕ್ಕೇ ರೋಲ್ ಬದಲಿಸಿದಾಗಲೆಲ್ಲ ಒಂದು ಗೆರೆ ಮುದ್ರಿಸಿ, ಸ್ಟೀಲ್ ಪಟ್ಟಿ ಹಿಡಿದು ಅಳೆಯುತ್ತೇನೆ.

ಕಳೆದ ಬೇಸಿಗೆಯಲ್ಲಿ ಹಳೇ ಊರಿನ ಅಜ್ಜ ಒಬ್ಬರು ಮುಳುಗಿದ ತಮ್ಮ ಮನೆಯ ನಕ್ಷೆ ತಂದರು. ಬಿಸಿಲಿಗೆ ಮಾಸಿದ ಎ1 ಹಾಳೆ, ಸ್ಕೇಲು 1:50.

‘ಸಣ್ಣದು ಮಾಡಿ ಕೊಡ್ರಿ, ಕಟ್ಟು ಹಾಕಿಸಿ ಗ್ವಾಡಿಗೆ ಹಾಕ್ತೀನಿ.’

ಎ1 ಅನ್ನು ಎ3ಗೆ ಇಳಿಸಿದರೆ ಉದ್ದ, ಅಗಲ ಎರಡೂ ಅರ್ಧವಾಗುತ್ತವೆ. ಮೂಲೆಯಲ್ಲಿ ಬರೆದ 1:50 ಮಾತ್ರ ಹಾಗೇ ಉಳಿದು ಸುಳ್ಳು ಹೇಳತೊಡಗುತ್ತದೆ. ನಿಜವಾದ ಸ್ಕೇಲು 1:100 ಆಗಿರುತ್ತದೆ.

‘ಅಜ್ಜಾರ, ಸಣ್ಣದು ಮಾಡಿದರ ಚಿತ್ರ ಉಳೀತೈತಿ, ಅಳತಿ ಹೋಗ್ತೈತಿ’ ಎಂದು ಪಟ್ಟಿ ಅವರ ಕೈಗೆ ಕೊಟ್ಟೆ. ಪಡಸಾಲೆಯ ಗೆರೆಯ ಮೇಲಿಟ್ಟರು. ಒಂಬತ್ತು ಸೆಂಟಿಮೀಟರ್, ಅಂದರೆ ನಾಲ್ಕೂವರೆ ಮೀಟರ್.

‘ಹದಿನೈದು ಅಡಿ ಆತು. ಖರೇ ಐತಿ. ಮಗಳ ಮದುವಿ ಪಂಕ್ತಿ ಅಲ್ಲೇ ಕುಂತಿತ್ತು.’

ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದರ ಇದ್ದಷ್ಟ ಮಾಡ್ರಿ’ ಎಂದರು. ಸ್ಕ್ಯಾನ್ ಮಾಡಿ, ಗೆರೆಗಳನ್ನು ಗಾಢವಾಗಿಸಿ, ನೂರಕ್ಕೆ ನೂರರ ಅಳತೆಯಲ್ಲೇ ತೆಗೆದುಕೊಟ್ಟೆ. ನೀರಿನಡಿಯ ಮನೆಯನ್ನು ಇನ್ನು ಅಳೆಯಲಾಗದು. ಅಳೆಯಲು ಸಿಗುವುದು ಈ ಹಾಳೆಯೊಂದೇ.

ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು 2010ರಲ್ಲೇ ನ್ಯಾಯಮಂಡಳಿ ಒಪ್ಪಿದೆ. ಇನ್ನೂ ಎಷ್ಟೋ ಮನೆ, ಹೊಲ ಹಾಳೆಗೆ ಇಳಿಯಬೇಕಿವೆ. 1:500ರ ನಕ್ಷೆಯಲ್ಲಿ ಒಂದು ಮಿ.ಮೀ. ಎಂದರೆ ಅರ್ಧ ಮೀಟರ್ ನೆಲ. ನಿಮ್ಮ ಹೊಲದ ನಕ್ಷೆ ಕೈಗೆ ಬಂದರೆ, ಸಹಿ ಹಾಕುವ ಮುಂಚೆ ಒಂದು ಪಟ್ಟಿ ತನ್ನಿ. 50 ಮೀಟರ್ ಎಂದು ಬರೆದ ಗೆರೆ ಹತ್ತು ಸೆಂಟಿಮೀಟರ್ ಇದೆಯೇ ನೋಡಿ.