ಅಲ್ಲಿಯೂ ಒಂದು ಸಂಗಮವಿದೆ

ನಮ್ಮ ಮನೆ ನಂಜನಗೂಡು, ಅಜ್ಜಿ ಮನೆ ತಿ. ನರಸೀಪುರ. ನಮ್ಮೂರನ್ನು ದಾಟಿ ಹೋಗುವ ಕಪಿಲೆ ಅಜ್ಜಿಯ ಊರಲ್ಲಿ ಕಾವೇರಿಯನ್ನು ಸೇರುತ್ತಾಳೆ. ಸಂಗಮ ಅಂದರೆ ನಮಗೆಲ್ಲ ಅದೇ. ಇನ್ನೊಂದು ಸಂಗಮದ ಊರಿನ ಹೆಸರು ಮನೆಮನೆಗೆ ತಲುಪಿದ್ದು 2023ರ ಏಪ್ರಿಲ್‌ನಲ್ಲಿ. ಅದು ಸುಡಾನ್ ದೇಶದ ರಾಜಧಾನಿ ಖಾರ್ಟೂಮ್.

ಏಪ್ರಿಲ್ 15ರಂದು ಅಲ್ಲಿ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಯುದ್ಧ ಶುರುವಾಯಿತು. ಮೂರು ದಿನ ಕಳೆದ ಮೇಲೆ, ಕರ್ನಾಟಕದ 31 ಹಕ್ಕಿಪಿಕ್ಕಿ ಜನ ಸುಡಾನಿನಲ್ಲಿ ಸಿಕ್ಕಿಬಿದ್ದಿದ್ದಾರೆ ಎಂದು ಸಿದ್ದರಾಮಯ್ಯನವರು ಟ್ವೀಟ್ ಮಾಡಿದರು. ಅವರಲ್ಲಿ ನಮ್ಮ ಜಿಲ್ಲೆಯ ಹುಣಸೂರು ಕಡೆಯವರೂ ಇದ್ದರು. ಗಿಡಮೂಲಿಕೆ, ಎಣ್ಣೆ ಮಾರಲು ಹೋದವರು; ದೇಶದ ಪಶ್ಚಿಮದ ಎಲ್ ಫಾಶರ್ ಪಟ್ಟಣದಲ್ಲಿದ್ದರು.

"ಅಷ್ಟು ದೂರ ಯಾಕೆ ಹೋದ್ರು ಮಗ? ಅಲ್ಲೇನದೆ?" ಅಂತ ಅಜ್ಜಿ ಕೇಳಿದರು. ಟಿವಿಯಲ್ಲಿ ಬರೀ ಹೊಗೆ, ಗುಂಡಿನ ಸದ್ದು. ಯುದ್ಧಕ್ಕೆ ಮುಂಚೆ ಆ ಊರು ಹೇಗಿತ್ತು ಎಂದು ನಾನು ಓದತೊಡಗಿದೆ.

ಇಥಿಯೋಪಿಯಾದಿಂದ ಬರುವ ನೀಲಿ ನೈಲ್, ಉಗಾಂಡಾ ಕಡೆಯಿಂದ ಬರುವ ಬಿಳಿ ನೈಲ್ ಸೇರುವುದು ಖಾರ್ಟೂಮಿನಲ್ಲಿ. ಕೂಡಿದ ಮೇಲೂ ಸ್ವಲ್ಪ ದೂರ ಎರಡು ಬಣ್ಣದ ನೀರು ಅಕ್ಕಪಕ್ಕದಲ್ಲೇ ಹರಿಯುತ್ತದೆ. ದಂಡೆಯ ರಸ್ತೆಯಲ್ಲಿ ಬೇವಿನ ಮರಗಳು. ಹೌದು, ನಮ್ಮದೇ ಬೇವು. ಸುಮಾರು ನೂರು ವರ್ಷದ ಹಿಂದೆ ಭಾರತದಿಂದ ಹೋದ ಮರ ಅಲ್ಲಿಯದೇ ಆಗಿಬಿಟ್ಟಿದೆ.

ಆ ನೆರಳಲ್ಲಿ ಪುಟ್ಟ ಸ್ಟೂಲು, ಇದ್ದಿಲ ಒಲೆ ಇಟ್ಟುಕೊಂಡು ಹೆಂಗಸರು ಟೀ ಮಾರುತ್ತಾರೆ. ಟೀಗೆ ಅವರೂ 'ಶಾಯ್' ಅಂತಾರೆ. ಲವಂಗ, ಪುದೀನ ಹಾಕಿದ ಟೀ, ಶುಂಠಿ ಹಾಕಿದ ಕಾಫಿ. ಬೇರೆ ಕಡೆಯ ಯುದ್ಧದಲ್ಲಿ ಊರು ಬಿಟ್ಟು, ಗಂಡನನ್ನು ಕಳೆದುಕೊಂಡು ಬಂದ ಎಷ್ಟೋ ಹೆಂಗಸರು ಈ ಒಲೆಯಿಂದಲೇ ಮಕ್ಕಳನ್ನು ಸಾಕಿದ್ದಾರೆ.

ಊಟಕ್ಕೆ ಕಿಸ್ರಾ. ಜೋಳದ ಹಿಟ್ಟನ್ನು ಕಲಸಿ ಹುಳಿ ಬರಿಸಿ, ಕಾದ ಹಂಚಿನ ಮೇಲೆ ನೀರುದೋಸೆಗಿಂತ ತೆಳ್ಳಗೆ ಎಳೆಯುತ್ತಾರೆ. ಜೊತೆಗೆ ಒಣ ಬೆಂಡೆಕಾಯಿ ಪುಡಿ ಹಾಕಿದ ಗಟ್ಟಿ ಸಾರು. ದೊಡ್ಡ ತಟ್ಟೆಯ ಸುತ್ತ ಕೂತು ಎಲ್ಲರೂ ಕೈಯಲ್ಲೇ ತಿನ್ನುತ್ತಾರೆ. ಜೋಳವನ್ನು ಮನುಷ್ಯ ಮೊದಲು ಬೆಳೆಸಿದ್ದೂ ಸುಡಾನಿನ ಸುತ್ತಮುತ್ತಲೇ. ನಾವು ರೊಟ್ಟಿ ಬಡಿಯುವ ಕಾಳು ಸಾವಿರಾರು ವರ್ಷದ ಹಿಂದೆ ಆ ಕಡೆಯಿಂದ ಬಂದದ್ದು. ಹೆಂಗಸರು ಉಡುವ 'ತೋಬ್' ನಾಲ್ಕೂವರೆ ಮೀಟರ್ ಉದ್ದದ ಬಟ್ಟೆ, ಮೈಸುತ್ತಿ ತಲೆಯ ಮೇಲೆ ಹೊದೆಯುತ್ತಾರೆ. ಇದನ್ನೆಲ್ಲ ಹೇಳಿದಾಗ ಅಜ್ಜಿ, "ಹಂಗಾದ್ರೆ ನಮ್ಮಂಗೇ ಬದುಕೋರು" ಅಂದರು.

ನಮ್ಮವರನ್ನು ಕರೆತರುವ ಕೆಲಸಕ್ಕೆ ಭಾರತ ಸರ್ಕಾರ ಇಟ್ಟ ಹೆಸರು 'ಆಪರೇಷನ್ ಕಾವೇರಿ'. ಪೋರ್ಟ್ ಸುಡಾನ್ ಬಂದರಿನಿಂದ ಹಡಗು, ವಿಮಾನದಲ್ಲಿ ಸೌದಿಯ ಜೆಡ್ಡಾಕ್ಕೆ, ಅಲ್ಲಿಂದ ಭಾರತಕ್ಕೆ. ಮೇ 5ರ ಹೊತ್ತಿಗೆ 3,862 ಜನ ಪಾರಾದರು. ನಮ್ಮ ಟಿವಿಗಳಿಗೆ ಸುಡಾನ್ ಸುದ್ದಿ ಅಲ್ಲಿಗೆ ಮುಗಿಯಿತು.

ಖಾರ್ಟೂಮಿಗೆ ಮುಗಿಯಲಿಲ್ಲ. ಲಕ್ಷಾಂತರ ಜನ ಊರು ಬಿಟ್ಟರು. ಸೇನೆ ನಗರವನ್ನು ಮರಳಿ ಹಿಡಿದದ್ದು 2025ರ ಮಾರ್ಚ್‌ನಲ್ಲಿ. ಅದೇ ಅಕ್ಟೋಬರ್‌ನಲ್ಲಿ, ನಮ್ಮವರಿದ್ದ ಎಲ್ ಫಾಶರ್ ಆರ್‌ಎಸ್‌ಎಫ್ ವಶವಾಗಿ ಸಾವಿರಾರು ಜನ ಸತ್ತರು.

ಹಕ್ಕಿಪಿಕ್ಕಿಗಳಿಗೆ ವ್ಯಾಪಾರ ಕೊಟ್ಟಿದ್ದು ಆ ನಾಡಿನ ಜನ. ನಮ್ಮವರು ವಾಪಸಾದರು ಎಂದು ಸಮಾಧಾನಪಟ್ಟ ನಾವು, ಅಲ್ಲೇ ಉಳಿದವರ ಸುದ್ದಿಯನ್ನೂ ಆಗಾಗ ಕೇಳಬೇಕು. ಖಾರ್ಟೂಮಿನ ಜನ ಈಗ ಸ್ವಲ್ಪಸ್ವಲ್ಪವಾಗಿ ಒಡೆದ ಮನೆಗಳಿಗೆ ಹಿಂತಿರುಗುತ್ತಿದ್ದಾರೆ.