ಆಟದ ರೈಲಿನ ಹೊರೆ

ರೈಲುಬಂಡಿಯ ಪ್ರತಿಕೃತಿಯನ್ನು ಮೇಜಿನ ಮೇಲೆ ಓಡಿಸುವ ವಿನೋದವು ಅಮೆರಿಕ ದೇಶದಲ್ಲಿ ಒಂದು ಕಲೆಯೆನ್ನುವಷ್ಟು ಬೆಳೆದಿದೆ. ಅಲ್ಲಿಯ ಹವ್ಯಾಸಿಗಳು 1935ರಲ್ಲಿಯೇ ಒಂದು ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿಕೊಂಡರು. ಹಳಿಗಾಲಿಗಳ ಅಳತೆಗೆಲ್ಲ ಕಟ್ಟಳೆಗಳನ್ನು ಮಾಡಿಕೊಂಡರು. ಹೆಚ್ಚು ಬಳಕೆಯಲ್ಲಿರುವುದು ಎಚ್‌ಓ ಎಂಬ ಮಾನ. ಅದರಲ್ಲಿ ನಿಜವಾದ 87 ಅಡಿ ಒಂದು ಅಡಿಯಾಗುವುದು. ಎಂಜಿನ್ನು, ನಿಲ್ದಾಣ, ಸೇತುವೆಗಳನ್ನು ಹಣವಿದ್ದವನು ಅಂಗಡಿಯಿಂದ ತರಬಹುದು. ಕೆಲಸಗಾರನ ಕಣ್ಣು ಎಂಥದೆಂದು ತಿಳಿಯಬೇಕಾದರೆ, ಮೇಲ್ಭಾಗ ತೆರೆದಿರುವ ಸರಕಿನ ಡಬ್ಬಿಯೊಳಕ್ಕೆ ಬಗ್ಗಿ ನೋಡಬೇಕು.

ಕಲ್ಲಿದ್ದಲಿನ ಹೊರೆಗೆ ಕಲ್ಲಿದ್ದಲನ್ನೇ ಬಳಸುವವರುಂಟು. ಅದನ್ನು ಕುಟ್ಟಿ ಜರಡಿಯಾಡುವರು. ಆರು ಅಂಗುಲದ ಗಟ್ಟಿಯು ಈ ಮಾನದಲ್ಲಿ ಎರಡು ಮಿಲಿಮೀಟರಿಗೂ ಕಡಮೆ, ಎಂದರೆ ಸಾಸಿವೆಯ ಕಾಳಿನಷ್ಟು. ಅದಕ್ಕಿಂತ ದಪ್ಪನಾದುದು ಡಬ್ಬಿಯಲ್ಲಿ ಬಿದ್ದರೆ ಬಂಡೆ ಬಿದ್ದಂತೆ ಕಾಣುವುದು. ಬಿಡಿಯಾಗಿ ತುಂಬಿದ ಪುಡಿ ಚೆಲ್ಲಿ ಗಾಲಿಗೆ ಸಿಕ್ಕುವುದರಿಂದ, ಡಬ್ಬಿಯೊಳಗೆ ಕೂಡುವಂತೆ ಹಗುರವಾದ ಬೆಂಡನ್ನು ಕತ್ತರಿಸಿ, ಮೊದಲು ಅದಕ್ಕೆ ಕರಿಯ ಬಣ್ಣ ಬಳಿದು, ಮೇಲೆ ಪುಡಿಯನ್ನು ಉದುರಿಸುವರು. ಬಳಿಕ ನೀರಿನಲ್ಲಿ ಕಲಸಿದ ಅಂಟನ್ನು ಹನಿಹನಿಯಾಗಿ ಊಡುವರು. ಅಂಟಿನ ನೀರಿಗೆ ಒಂದು ತೊಟ್ಟು ಸಾಬೂನು ಸೇರಿಸದಿದ್ದರೆ ಅದು ಪುಡಿಯೊಳಗೆ ಇಳಿಯದೆ ಮುತ್ತುಗಟ್ಟಿ ನಿಲ್ಲುವುದು. ಮರದ ದಿಮ್ಮಿಗಳಿಗೆ ಸಣ್ಣ ತೊಗಟೆಯ ಕಡ್ಡಿಗಳು ಸಾಕು. ಅದು ಸುಲಭದ ಕೆಲಸ.

ಕಠಿನವಾದುದು ಗುಡ್ಡೆಯ ಆಕಾರ. ಗಾತ್ರವು ಎಂಬತ್ತೇಳರಲ್ಲೊಂದಾಗಿ ಕುಗ್ಗಿದರೂ ಗುಡ್ಡೆಯ ಇಳಿಜಾರು ಕುಗ್ಗದು. ಬೆಟ್ಟದಷ್ಟು ಇದ್ದಲೂ ಹಿಡಿಯಷ್ಟು ಇದ್ದಲೂ ಹೆಚ್ಚುಕಡಮೆ ಒಂದೇ ಓರೆಯಲ್ಲಿ ನಿಲ್ಲುವುವು. ಆದುದರಿಂದ ಬೆಂಡನ್ನು ರೊಟ್ಟಿಯಂತೆ ನುಣ್ಣಗೆ ಕೆತ್ತುವವನಿಗಿಂತ, ಪುಡಿಯನ್ನು ಮೇಲಿನಿಂದ ಸುರಿದು ಅದು ನಿಂತಂತೆ ನಿಲ್ಲಗೊಡುವವನೇ ಜಾಣ. ಗಣಿಯ ಬಳಿ ಡಬ್ಬಿಯು ಸುರಿಗೊಳವೆಯ ಕೆಳಗೆ ತುಸುತುಸುವಾಗಿ ಸರಿಯುವಾಗ ಸಾಲು ಶಿಖರಗಳೇಳುವುವು. ದೂರ ಪ್ರಯಾಣದ ಕುಲುಕಾಟದಲ್ಲಿ ಅವು ಮೊಂಡಾಗುವುವು. ಹೊರೆಯ ತಲೆಯನ್ನು ನೋಡಿ ಗಾಡಿ ಎಷ್ಟು ದೂರ ಬಂದಿದೆಯೆಂದು ಊಹಿಸಬಹುದು!

ಇನ್ನು ಕಬ್ಬಿಣದ ಅದಿರು. ಒಂದೇ ಜಾಗವನ್ನು ತುಂಬುವ ಅದಿರು ಇದ್ದಲಿಗಿಂತ ಸುಮಾರು ಮೂರುಪಟ್ಟು ಭಾರ. ಮಿನ್ನೆಸೋಟದ ಮೆಸಾಬಿ ಸೀಮೆಯಲ್ಲಿ ಇದಕ್ಕಾಗಿಯೇ 24 ಅಡಿಯ ಕುಳ್ಳು ಡಬ್ಬಿಗಳನ್ನು ಮಾಡಿಸಿದರು. ಮುಂದೆ ಟ್ಯಾಕೊನೈಟ್ ಎಂಬ ಕಲ್ಲಿನಿಂದ ಮಾಡಿದ ಉಂಡೆಗಳ ಸಾಗಾಣಿಕೆ ಬಂದಾಗ, ಅವು ಹಳೆಯ ಅದಿರಿಗಿಂತ ಹಗುರವಾದುದರಿಂದ ಅಂಥ ಡಬ್ಬಿಗಳ ಅಂಚನ್ನು ಎತ್ತರಿಸಬೇಕಾಯಿತು. ಇದ್ದಲಿನ ಉದ್ದ ಡಬ್ಬಿಯಲ್ಲಿ ಅದಿರನ್ನು ತುಂಬುವಾಗಲಾದರೋ ಎರಡು ತುದಿಯ ಗಾಲಿಗಳ ಮೇಲಕ್ಕೆ ಒಂದೊಂದು ಚಿಕ್ಕ ಗುಡ್ಡೆ, ಅಷ್ಟೆ. ಹೊಸಪೇಟೆಯ ಕಡೆ ಅದಿರಿನ ಗಾಡಿ ಹೋಗುವುದನ್ನು ಕಂಡವರು, ಅರ್ಧ ಬರಿದಾದ ಡಬ್ಬಿಗಳನ್ನೇಕೆ ಎಳೆಯುತ್ತಾರೆಂದು ಸೋಜಿಗಪಟ್ಟಿರಬಹುದು. ಅವು ಬರಿದಲ್ಲ, ಭರ್ತಿಯಾಗಿವೆ. ಅದಿರನ್ನು ಅಂಚಿನವರೆಗೆ ತುಂಬಿದ ಆಟದ ಡಬ್ಬಿ ಎಷ್ಟೇ ಅಂದವಾಗಿರಲಿ, ನಿಜವಾಗಿದ್ದಲ್ಲಿ ಹಳಿಯ ಮೇಲೆ ಅಲ್ಲಿಯೇ ಕುಸಿಯುತ್ತಿತ್ತು.

ವಿಚಿತ್ರವೆಂದರೆ, ಉದ್ದವು 87ರಲ್ಲೊಂದಾದರೆ ತೂಕವು ಅದರ ಘನದಷ್ಟು ಇಳಿಯಬೇಕು. ಲೆಕ್ಕ ಮಾಡಿದರೆ ಒಂದು ಟನ್ನು ಸುಮಾರು ಒಂದೂವರೆ ಗ್ರಾಂ. ಐವತ್ತು ಟನ್ನಿನ ಹೊರೆ ಎಪ್ಪತ್ತಾರು ಗ್ರಾಂ. ಆದರೆ ಬೆಂಡಿನ ಹೊರೆಗೆ ಅಷ್ಟೂ ಇರದು. ಡಬ್ಬಿಯು ಹಳಿ ತಪ್ಪದಿರಲು ಬೇಕಾದ ಭಾರವನ್ನು ಕಬ್ಬಿಣದ ಚೂರುಗಳಾಗಿ ತಳದಲ್ಲಿ ಬಚ್ಚಿಡುವರು. ಕಾಣುವುದಕ್ಕೆ ಭಾರವಿಲ್ಲ, ಭಾರವಿರುವುದು ಕಾಣದು. ಭರತನ ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಹೇಳಿದ ಶ್ರೀಶಂಕುಕನು ನಟನನ್ನು ಚಿತ್ರದ ಕುದುರೆಗೆ ಹೋಲಿಸಿದನು. ಅದನ್ನು ನೋಡುವಾಗ ಉಂಟಾಗುವ ತಿಳಿವು ನಿಶ್ಚಯವಲ್ಲ, ಭ್ರಾಂತಿಯಲ್ಲ, ಸಂದೇಹವಲ್ಲ, ಬರಿಯ ಸಾದೃಶ್ಯಜ್ಞಾನವೂ ಅಲ್ಲ ಎಂದನು. ಅಭಿನವಗುಪ್ತಾಚಾರ್ಯರು ಈ ಅನುಕರಣವಾದವನ್ನು ಖಂಡಿಸಿದರು; ನಾಟಕದ ಮಟ್ಟಿಗೆ ಅವರ ಮಾತೇ ಮೇಲು. ಆದರೂ ಈ ಇದ್ದಲಿನ ಡಬ್ಬಿಯ ಮುಂದೆ ಶಂಕುಕನ ಪಕ್ಷವು ತುಸು ಚೇತರಿಸಿಕೊಳ್ಳುವುದು.

ಹೊರೆಗೆ ದಿಕ್ಕೂ ಉಂಟು. ಗಣಿಯಿಂದ ತುಂಬಿ ಹೊರಟ ಗಾಡಿ ಗಣಿಗೆ ಬರಿದಾಗಿಯೇ ಮರಳಬೇಕು. ಮೇಜನ್ನು ಸುತ್ತಿ ಬರುವ ರೈಲು ತುಂಬಿದಂತೆಯೇ ಗಣಿಗೆ ಹಿಂದಿರುಗಿದರೆ, ಕೊಲ್ಲಿಗೆ ಉಪ್ಪನ್ನು ಹೊತ್ತಂತಾಯಿತು. ಬೆಂಡಿನೊಳಗೆ ಕಬ್ಬಿಣದ ಬಿಲ್ಲೆಯನ್ನು ಹುದುಗಿಸಿ ಸೂಜಿಗಲ್ಲಿನಿಂದ ಹೊರೆಯನ್ನು ಎತ್ತಿಬಿಡುವುದು ಒಂದುಪಾಯ. ಇನ್ನೊಂದು ಇದಕ್ಕಿಂತ ರಮ್ಯ: ಒಂದು ತಡಿಕೆಯ ಈಚೆ ಗಣಿ, ಆಚೆ ವಿದ್ಯುದಾಗಾರ, ನಡುವೆ ಕಾಣದಂತೆ ತೂರಿಹೋಗುವ ಎರಡು ಹಳಿ. ಗಣಿಯೊಳಕ್ಕೆ ದೂಡಿದ ಬರಿಯ ಡಬ್ಬಿಗಳು ವಿದ್ಯುದಾಗಾರದಲ್ಲಿ ಬರಿದು ಮಾಡಿದವುಗಳಾಗಿ ಹೊರಬರುವುವು. ಅಲ್ಲಿಗೆ ದೂಡಿದ ತುಂಬಿದ ಡಬ್ಬಿಗಳು ಗಣಿಯಲ್ಲಿ ಈಗ ತಾನೆ ತುಂಬಿದವುಗಳಾಗಿ ಮೈದೋರುವುವು. ಯಾರೂ ಒಂದು ಕಾಳನ್ನೂ ತುಂಬಿಲ್ಲ, ಇಳಿಸಿಲ್ಲ, ವ್ಯಾಪಾರವೆಲ್ಲ ನಡೆದಿದೆ.

ಇಂಥ ಮೇಜುಗಳಲ್ಲಿ ಅನೇಕವು ಅಪಲೇಚಿಯನ್ ಬೆಟ್ಟಗಳ ಕಣಿವೆಗಳನ್ನು, ಉಗಿಬಂಡಿಯ ಕಾಲದ ಯಾವುದೋ ಒಂದು ವರ್ಷದಲ್ಲಿ ನಿಲ್ಲಿಸಿ ತೋರಿಸುವಂಥವು. ಇದ್ದಲಿನ ಗಾಡಿಗೇ ಹೆಸರಾಗಿದ್ದ ನಾರ್ಫಕ್ ಅಂಡ್ ವೆಸ್ಟರ್ನ್ ರೈಲ್ವೆ 1960ರಲ್ಲಿ ಉಗಿಯನ್ನು ಬಿಟ್ಟಿತು. ಆ ಕಣಿವೆಗಳ ಎಷ್ಟೋ ಗಣಿಗಳೂ ಮುಚ್ಚಿಹೋದವು. ಕೈಯಿಂದ ತುಂಬುತ್ತಿದ್ದ ಕಾಲದಲ್ಲಿ ಅಲ್ಲಿಯ ಗಣಿಗಾರನಿಗೆ ಕೂಲಿ ದಿನದ ಲೆಕ್ಕದಲ್ಲಿರಲಿಲ್ಲ, ಅವನು ತುಂಬಿದ ಟನ್ನಿನ ಲೆಕ್ಕದಲ್ಲಿತ್ತು. ತೂಕದಲ್ಲಿ ಮೋಸವಾಗದಂತೆ ತಮ್ಮವನೊಬ್ಬನನ್ನು ತಕ್ಕಡಿಯ ಬಳಿ ನಿಲ್ಲಿಸುವ ಹಕ್ಕಿಗಾಗಿ ಅವರು ಬಹುಕಾಲ ಹೋರಾಡಿದರು. ಅಂಥವರ ಮನೆತನದವನೊಬ್ಬನು ಮೇಜಿನ ಬಳಿ ಬಂದು ನಿಂತರೆ, ಅವನ ದೃಷ್ಟಿ ಎಂಜಿನ್ನಿನ ಹೊಗೆಯ ಮೇಲೆ ಹೆಚ್ಚು ಹೊತ್ತು ನಿಲ್ಲದು. ಡಬ್ಬಿಯ ಅಂಚಿನಿಂದ ಇದ್ದಲು ಎಷ್ಟು ಮೇಲೆದ್ದಿದೆಯೆಂದು ನೋಡುವನು.